ಸ್ಕಾಟ್ ಹಾಡು: ರಂಗಭೂಮಿಯ ಬಿಡಿ ಹಾಳೆಯೋ, ಥಾಮ್ಸನ್ ಸಂಪುಟವೋ?

1800ರ ಆಸುಪಾಸಿನ ಸ್ಕಾಟಿಷ್ ಹಾಡುಗಳ ಮುದ್ರಿತ ಸ್ವರಲಿಪಿ ಕೊಳ್ಳಬೇಕೆಂದಿದ್ದರೆ ಮುಖ್ಯವಾಗಿ ಎರಡು ದಾರಿ.

ಒಂದು, ಲಂಡನ್ನಿನ ನಾಟಕಶಾಲೆಗಳ ಹಾಡಿನ ಬಿಡಿ ಹಾಳೆಗಳು. ಅಲ್ಲಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನಟಿ ಡೊರೊಥಿಯಾ ಜೋರ್ಡನ್ ಹಾಡಿ ಮನೆಮಾತಾದ 'ಬ್ಲೂ ಬೆಲ್ಸ್ ಆಫ್ ಸ್ಕಾಟ್ಲೆಂಡ್' ಇದಕ್ಕೆ ಒಳ್ಳೆಯ ಉದಾಹರಣೆ. ಹಾಡಿದವರ ಹೆಸರು, ರಂಗಮಂದಿರದ ಹೆಸರು ಮೇಲೆಯೇ ಇರುತ್ತದೆ. ಪಿಯಾನೋ ಭಾಗ ಸರಳ. ಎಷ್ಟೋ ಹಾಳೆಗಳ ಕೊನೆಯಲ್ಲಿ ಅದೇ ರಾಗವನ್ನು ಕೊಳಲಿಗೋ ಗಿಟಾರಿಗೋ ಹೊಂದಿಸಿ ಕೊಟ್ಟಿರುತ್ತಾರೆ. ಮನೆಯಲ್ಲಿ ಯಾವ ವಾದ್ಯವಿದ್ದರೂ ನುಡಿಸಲಿ ಎಂಬ ಆ ಕಾಳಜಿ ನನಗೆ ತುಂಬ ಇಷ್ಟ. ಇಸವಿ ಮಾತ್ರ ಸಾಮಾನ್ಯವಾಗಿ ಅಚ್ಚಾಗಿರುವುದಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ: 1794ರ ನಂತರದ ಬ್ರಿಟಿಷ್ ಕಾಗದದ ವಾಟರ್‌ಮಾರ್ಕಿನಲ್ಲಿ ಹಲವು ಸಲ ವರ್ಷವೇ ಕಾಣುತ್ತದೆ. ಅದು ಕಾಗದ ತಯಾರಾದ ವರ್ಷ. ಅಚ್ಚಾದದ್ದು ಅದಕ್ಕಿಂತ ಮುಂಚೆ ಇರಲಾರದು.

ಇನ್ನೊಂದು, ಎಡಿನ್‌ಬರೊದ ಹಾಡುಗಳ ಸಂಗ್ರಾಹಕ ಜಾರ್ಜ್ ಥಾಮ್ಸನ್ 1793ರಿಂದ ಹೊರತಂದ ಸಂಪುಟಗಳು. ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್‌ನ ಸಾಹಿತ್ಯ, ಸಂಗೀತ ರಚನಕಾರರಾದ ಹೇಡನ್ ಮತ್ತು ಬೀಥೋವನ್ ಹೊಂದಿಸಿದ ಪಕ್ಕವಾದ್ಯ. ಸಂಗೀತ ಶ್ರೀಮಂತ, ಆದರೆ ಬೀಥೋವನ್ನನ ಪಿಯಾನೋ ಭಾಗ ಕಷ್ಟವೆಂದು ಥಾಮ್ಸನ್ನೇ ಅವನಿಗೆ ಬರೆದು ಕೇಳಿಕೊಂಡಿದ್ದ. ಪಿಟೀಲು, ಚೆಲ್ಲೊ ಭಾಗಗಳು ಬೇರೆ ಪುಸ್ತಕಗಳಾಗಿದ್ದವು. ಅವಿಲ್ಲದ ಪ್ರತಿ ಅರ್ಧವೇ. ಕೊಳ್ಳುವ ಮುನ್ನ ಕೇಳಿ ಖಚಿತಪಡಿಸಿಕೊಳ್ಳಿ.

ನುರಿತ ಮೂವರು ವಾದಕರು ಜೊತೆಗಿದ್ದರೆ ಥಾಮ್ಸನ್. ಒಬ್ಬರೇ ಕೂತು ಹಾಡಿಕೊಳ್ಳುವವರಿಗೆ ನಾನು ಬಿಡಿ ಹಾಳೆಯನ್ನೇ ಕೊಡುವೆ.