ಐದು ವರ್ಷಕ್ಕೂ ಜಾಸ್ತಿ ಬಳಸಿದ ನಂತರ: ಅಂಧೇರಿಯ ನಾಸ್, ಹೈದರಾಬಾದ್‌ನ ಕಾಪಿ

ಅಂಧೇರಿಯಲ್ಲಿ ನಮ್ಮದು ಲೆಕ್ಕಪತ್ರ ನೋಡಿಕೊಳ್ಳುವ ಚಿಕ್ಕ ಆಫೀಸು. ಗಿರಾಕಿಗಳಲ್ಲಿ ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರೇ ಜಾಸ್ತಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯಲ್ಲಿದ್ದ ನಮ್ಮ ಕಂಪ್ಯೂಟರ್ ಮುಳುಗಿತು. ಬ್ಯಾಕಪ್ ಸಿಡಿಗಳೂ ಅದೇ ಮೇಜಿನ ಡ್ರಾಯರಿನಲ್ಲಿದ್ದವು! ಹೋಟೆಲಿಂದ ಹೋಟೆಲಿಗೆ ಹೋಗಿ, ಹಳೇ ಬಿಲ್ ತಂದು ಎಲ್ಲ ಮತ್ತೆ ಬರೆದೆವು. ಮೂರು ತಿಂಗಳು ಹಿಡಿಯಿತು.

2019ರಿಂದ ಸಿನಾಲಜಿ ಕಂಪನಿಯ ಎರಡು ಡಿಸ್ಕ್‌ನ ನಾಸ್ (ಆಫೀಸಿನ ಎಲ್ಲ ಕಂಪ್ಯೂಟರ್‌ಗಳ ಫೈಲ್ ನೆಟ್‌ವರ್ಕ್ ಮೂಲಕ ಒಂದೇ ಕಡೆ ಇಡುವ ಪೆಟ್ಟಿಗೆ) ಬಳಸುತ್ತಿದ್ದೇವೆ. ಕರೆಂಟ್ ಹೋದದ್ದು ನಾಸ್‌ಗೆ ಗೊತ್ತಾಗಲಿ ಅಂತ ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಹಾಕಿದ್ದೇವೆ. 2020ರ ಅಕ್ಟೋಬರ್ 12ರಂದು ಮುಂಬೈಯ ಬಹುಭಾಗದಲ್ಲಿ ಕರೆಂಟ್ ಹೋದಾಗ ನಾಸ್ ತಾನಾಗಿಯೇ ಸರಿಯಾಗಿ ಬಂದ್ ಆಯಿತು.

ಎರಡು ಡಿಸ್ಕ್ ಇದೆಯಲ್ಲ, ಅದೇ ಬ್ಯಾಕಪ್ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಎರಡರಲ್ಲೂ ಒಂದೇ ಡೇಟಾ ಇರುವುದರಿಂದ ಫೈಲ್ ಅಳಿಸಿದರೆ ಎರಡರಲ್ಲೂ ಹೋಗುತ್ತದೆ. ನಮ್ಮನ್ನು ಉಳಿಸಿದ್ದು ಸ್ನ್ಯಾಪ್‌ಶಾಟ್, ಅಂದರೆ ಆಯಾ ಹೊತ್ತಿಗೆ ಫೈಲ್‌ಗಳು ಹೇಗಿದ್ದವೋ ಹಾಗೇ ನಾಸ್ ಉಳಿಸಿಟ್ಟುಕೊಳ್ಳುವ ಪ್ರತಿ. ಒಮ್ಮೆ ಇಮೇಲ್‌ನಲ್ಲಿ ಬಂದ ಫೈಲ್ ತೆರೆದು ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಕ್ಕಿತ್ತು. ಗಂಟೆ ಹಿಂದಿನ ಸ್ನ್ಯಾಪ್‌ಶಾಟ್‌ನಿಂದ ಊಟದ ಹೊತ್ತಿಗೆ ಎಲ್ಲ ವಾಪಸ್ ಬಂತು.

ರಾತ್ರಿ ಎಲ್ಲರೂ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮುಚ್ಚಿದ ಮೇಲೆ ಇನ್ನೊಂದು ಕಾಪಿ ಅಮೆಜಾನ್ ಕ್ಲೌಡ್‌ಗೆ ಹೋಗುತ್ತದೆ. ಟ್ಯಾಲಿ ತೆರೆದಿರುವಾಗ ತೆಗೆದ ಕಾಪಿ ಮೇಲೆ ನನಗೆ ನಂಬಿಕೆಯಿಲ್ಲ. ಮೊದಲು ಅಮೆಜಾನ್‌ನ ಮುಂಬೈ ರೀಜನ್‌ಗೇ (ಮುಂಬೈಯ ಡೇಟಾ ಸೆಂಟರ್‌ಗಳಿಗೆ) ಕಳಿಸುತ್ತಿದ್ದೆವು. 2022ರ ನವೆಂಬರ್‌ನಲ್ಲಿ ಹೈದರಾಬಾದ್ ರೀಜನ್ ಶುರುವಾದ ಮೇಲೆ ಅಲ್ಲಿಗೆ ಬದಲಿಸಿದೆವು. ನಮ್ಮೂರು ಮುಳುಗಿದ ದಿನ ನಮ್ಮೂರಲ್ಲೇ ಇರುವ ಕಾಪಿ ನೆಚ್ಚಿಕೊಳ್ಳುವುದು ಹೇಗೆ? ಕಂಪನಿಗಳ ಲೆಕ್ಕದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು ಅನ್ನುವ 2022ರ ಆಗಸ್ಟ್‌ನ ನಿಯಮಕ್ಕೂ ಇದು ಸರಿಹೊಂದುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದ್ದು ರಿಸ್ಟೋರ್ ಬಗ್ಗೆ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ಇಳಿಸುವುದರ ಬಗ್ಗೆ. "ಬ್ಯಾಕಪ್ ಯಶಸ್ವಿ" ಅಂತ ದಿನಾ ಮೆಸೇಜ್ ಬರುತ್ತದೆ. ಅದನ್ನು ಸುಮ್ನೆ ನಂಬಬೇಡಿ. ಮೂರು ತಿಂಗಳಿಗೊಮ್ಮೆ ಖಾಲಿ ಲ್ಯಾಪ್‌ಟಾಪ್‌ಗೆ ಒಂದು ಹೋಟೆಲಿನ ಡೇಟಾ ಇಳಿಸಿ, ಟ್ಯಾಲಿಯಲ್ಲಿ ತೆರೆದು, ಕ್ಯಾಶ್ ಬ್ಯಾಲೆನ್ಸ್ ತಾಳೆ ನೋಡುತ್ತೇವೆ. ಮೊದಲ ಸಲವೇ ಸಿಕ್ಕಿಬಿದ್ದೆವು: ಎನ್‌ಕ್ರಿಪ್ಶನ್ ಕೀ (ಕ್ಲೌಡ್‌ನ ಕಾಪಿಯ ಬೀಗ ತೆರೆಯುವ ಗುಪ್ತ ಸಂಕೇತ) ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಆಫೀಸು ಮುಳುಗಿದ್ದರೆ ಹೈದರಾಬಾದ್‌ನ ಕಾಪಿ ಇದ್ದೂ ಇಲ್ಲದಂತೆ. ಈಗ ಒಂದು ಪ್ರಿಂಟ್ ಡೊಂಬಿವಲಿಯ ಮನೆಯಲ್ಲಿದೆ, ಒಂದು ಬ್ಯಾಂಕ್ ಲಾಕರಿನಲ್ಲಿ.

ಕೊರತೆ ವೇಗದ್ದು. ನಮ್ಮ ಲೈನಿನಲ್ಲಿ ಒಬ್ಬ ಗಿರಾಕಿಯ ಡೇಟಾ 40 ನಿಮಿಷದಲ್ಲಿ ಬರುತ್ತದೆ, ಇಡೀ ಆಫೀಸಿನದಕ್ಕೆ ಎರಡು ದಿನ ಬೇಕು. ಜಿಎಸ್‌ಟಿ ರಿಟರ್ನ್‌ನ ಕೊನೇ ದಿನ ಹತ್ತಿರವಿದ್ದರೆ ಎರಡು ದಿನ ತುಂಬಾ ಜಾಸ್ತಿ. ಅದಕ್ಕೇ ಯಾರದ್ದು ಮೊದಲು ಇಳಿಸಬೇಕು ಅಂತ ಪಟ್ಟಿ ಮಾಡಿಟ್ಟಿದ್ದೇವೆ. ತಮ್ಮ ಹತ್ತಿರ ಬೇರೆ ಕಾಪಿಯೇ ಇಲ್ಲದ ಸಣ್ಣ ಹೋಟೆಲಿನವರ ಹೆಸರು ಅದರಲ್ಲಿ ಎಲ್ಲಕ್ಕಿಂತ ಮೇಲಿದೆ.