ಸ್ಕೀ ಬೆಟ್ಟದ ಬುಡವೋ, ಕೆಳಗಿನ ಕಣಿವೆಯೋ?

ವರ್ಷವಿಡೀ ಇರಲು ಮನೆ ಹುಡುಕುತ್ತಿದ್ದೀರಾ? ಹಿಮ ಕರಗಿದ ಮೇಲೂ ಒಮ್ಮೆ ಹೋಗಿ ನೋಡಿ.

ಬೆಟ್ಟದ ಬುಡದಲ್ಲಿ, ಸ್ಕೀ ಮಾಡುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಪಕ್ಕದ ಬಡಾವಣೆಯಲ್ಲಿ ಚಳಿಗಾಲದ ಸುಖ ಜಾಸ್ತಿ. ಮನೆಯಿಂದ ನಡೆದೇ ಸ್ಕೀ ಮಾಡಲು ಹೋಗಬಹುದು. ಆದರೆ ಅಲ್ಲಿ ಎಷ್ಟೋ ಮನೆಗಳು ಪ್ರವಾಸಿಗರ ಬಾಡಿಗೆಗೆ ಮೀಸಲು. ಸೀಸನ್ ಮುಗಿದರೆ ಅಂಗಡಿಗಳೂ ಬಾಗಿಲು ಹಾಕಬಹುದು. ದೀಪ ಉರಿಯದ ಮನೆಗಳ ನಡುವೆ ಮಕ್ಕಳನ್ನು ಬೆಳೆಸುವುದು ಕಷ್ಟ ಅಲ್ವಾ?

ಕಣಿವೆಯ ಊರಿನಲ್ಲಿ ಸಾಮಾನ್ಯವಾಗಿ ಶಾಲೆ, ಆಸ್ಪತ್ರೆ ಹತ್ತಿರ. 1000 ಮೀಟರ್ ಕೆಳಗಿಳಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಹಿಮ ಎತ್ತುವ ಕೆಲಸ ಕಮ್ಮಿ. ಆದರೆ ಗಾಳಿ ಬೀಸದ ಚಳಿಗಾಲದ ರಾತ್ರಿಗಳಲ್ಲಿ ಲೆಕ್ಕ ತಿರುಗಿಬಿಡುತ್ತದೆ. ತಣ್ಣನೆಯ ಗಾಳಿ ತಳದಲ್ಲಿ ಕೂತು, ಒಲೆಯ ಹೊಗೆ, ವಾಹನದ ಹೊಗೆ ಎಲ್ಲವನ್ನೂ ಹಿಡಿದಿಡುತ್ತದೆ. ಉಸಿರಾಟದ ತೊಂದರೆ ಇದ್ದವರು ತಳಕ್ಕಿಂತ ಸ್ವಲ್ಪ ಮೇಲಿನ ಇಳಿಜಾರನ್ನು ಆರಿಸಿ. ಉತ್ತರ ಗೋಳಾರ್ಧದಲ್ಲಾದರೆ ದಕ್ಷಿಣಕ್ಕೆ ಮುಖ ಮಾಡಿದ್ದು ಒಳ್ಳೆಯದು. ಬಿಸಿಲು ಬಿದ್ದು ರಸ್ತೆಯ ಮಂಜುಗಡ್ಡೆ ಬೇಗ ಕರಗುತ್ತದೆ.

ನನ್ನ ಮತ ಕಣಿವೆಗೇ. ಸ್ಕೀ ಬಸ್ ಇದ್ದರಂತೂ ಯೋಚನೆಯೇ ಬೇಡ. ಎಲ್ಲೇ ಆಗಲಿ, ಹಿಮಕುಸಿತದ ಅಪಾಯ ತೋರಿಸುವ ನಕ್ಷೆ ನೋಡದೆ ಮುಂಗಡ ಕೊಡಬೇಡಿ.