4.7ಕೆ ಒಳ್ಳೆಯದಾ, 4ಕೆ7 ಒಳ್ಳೆಯದಾ?

ಸರ್ಕ್ಯೂಟ್ ಡಯಾಗ್ರಾಂನಲ್ಲಿ ರೆಸಿಸ್ಟರ್ ಪಕ್ಕ ಅದು ಎಷ್ಟು ಓಮ್ ಅನ್ನುವುದನ್ನು ಹೇಗೆ ಬರೆಯಬೇಕು? 4.7 ಕಿಲೋಓಮ್ ಅನ್ನು 4.7ಕೆ ಅಂತಲೂ ಬರೆಯಬಹುದು, 4ಕೆ7 ಅಂತಲೂ ಬರೆಯಬಹುದು. ಒಂದೇ ಪವರ್ ಸಪ್ಲೈ ಬೋರ್ಡನ್ನು ಕೀಕ್ಯಾಡ್ ಎಂಬ ಸರ್ಕ್ಯೂಟ್ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಎರಡೂ ರೀತಿ ಬರೆದೆ. ಪ್ರಿಂಟ್ ತೆಗೆದು, ಎದುರಿಗಿಟ್ಟುಕೊಂಡು ಸೋಲ್ಡರ್ ಮಾಡಿದೆ. ನನ್ನ ಓಟು 4ಕೆ7ಗೆ.

ಕಾರಣ ಆ ಚುಕ್ಕಿ. ದೊಡ್ಡ ಡಯಾಗ್ರಾಂ ಅನ್ನು ಎ4 ಹಾಳೆಗೆ ಕುಗ್ಗಿಸಿ, ಅದನ್ನೇ ಜೆರಾಕ್ಸ್ ಮಾಡಿ ನೋಡಿ. ಮೊದಲು ಮಾಯವಾಗುವುದು ಚುಕ್ಕಿಯೇ. 4.7ಕೆ ಹೋಗಿ 47ಕೆ ಆಗುತ್ತದೆ, ಹತ್ತು ಪಟ್ಟು ಜಾಸ್ತಿ! ಅದು ರೆಗ್ಯುಲೇಟರ್‌ನ ಔಟ್‌ಪುಟ್ ಎಷ್ಟಿರಬೇಕೆಂದು ಗೊತ್ತುಮಾಡುವ ಫೀಡ್‌ಬ್ಯಾಕ್ ರೆಸಿಸ್ಟರ್ ಆಗಿದ್ದರೆ ಔಟ್‌ಪುಟ್ ವೋಲ್ಟೇಜ್ ದಿಕ್ಕು ತಪ್ಪುತ್ತದೆ, ಮುಂದಿನ ಚಿಪ್ ಸುಟ್ಟರೂ ಸುಟ್ಟೀತು. 4ಕೆ7ನಲ್ಲಿ ಚುಕ್ಕಿಯ ಜಾಗದಲ್ಲಿ ಅಕ್ಷರವೇ ಕೂತಿರುತ್ತದೆ. ಐಇಸಿ 60062 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿರುವುದು ಇದೇ ಪದ್ಧತಿ. ಬರೀ ಓಮ್‌ಗೆ 'ಆರ್' ಅಕ್ಷರ, ಹಾಗಾಗಿ 0.1 ಓಮ್ ಅಂದರೆ 0ಆರ್1. ಕೆಪಾಸಿಟರ್‌ನ 2.2 ನ್ಯಾನೋಫ್ಯಾರಡ್ ಅಂದರೆ 2ಎನ್2. ಓಮ್ ಚಿಹ್ನೆಗಾಗಿ ಕೀಬೋರ್ಡ್‌ನಲ್ಲಿ ಹುಡುಕಾಡುವ ಕೆಲಸವೂ ಉಳಿಯಿತು.

ಸರ್ಕ್ಯೂಟನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಸಿಮ್ಯುಲೇಶನ್‌ಗೆ ಮಾತ್ರ 4.7ಕೆ ವಾಸಿ. ಅದಕ್ಕೆ ಬಳಸುವ ಪ್ರೋಗ್ರಾಂ ಸ್ಪೈಸ್, ಅದರದೇ ಒಂದು ರೂಪ ಎಲ್‌ಟಿಸ್ಪೈಸ್. ಎಲ್‌ಟಿಸ್ಪೈಸ್ 4ಕೆ7 ಅನ್ನು ಸರಿಯಾಗಿಯೇ ಓದುತ್ತದೆ. ಆದರೆ ಹಳೆಯ ಸ್ಪೈಸ್ ಪದ್ಧತಿಯಲ್ಲಿ 'ಕೆ' ಆದಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ, ಉಳಿಯುವುದು ಬರೀ 4ಕೆ. ಇನ್ನೊಂದು ವಿಷಯ: ಸ್ಪೈಸ್‌ನಲ್ಲಿ 1ಎಂ ಅಂದರೆ ಒಂದು ಮಿಲಿಓಮ್. ಮೆಗಾ ಬೇಕಿದ್ದರೆ 1ಮೆಗ್ ಅಂತಲೇ ಬರೆಯಬೇಕು. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು.

ಡಯಾಗ್ರಾಂನ ಬಿಡಿಭಾಗಗಳಿಗೆ ನಂಬರ್ ಕೊಡುವುದರಲ್ಲೂ ಎರಡು ದಾರಿ ಇದೆ. ಆರ್1, ಆರ್2 ಅಂತ ಸಾಲಾಗಿ ಹೋಗುವುದು ಒಂದು. ಹಾಳೆಗೆ ನೂರರಂತೆ ಆರ್101, ಆರ್201 ಅಂತ ಶುರು ಮಾಡುವುದು ಇನ್ನೊಂದು. ಒಂದೇ ಹಾಳೆಯ ಬೋರ್ಡಿಗೆ ಸಾಲು ನಂಬರ್ ಸಾಕು. ಹಾಳೆಗಳು ಜಾಸ್ತಿಯಾದರೆ ನೂರರ ಲೆಕ್ಕವೇ ಸರಿ. ರಿಪೇರಿಗೆ ಕೂತವರ ಕಣ್ಣಿಗೆ ಬೋರ್ಡ್ ಮೇಲೆ ಆರ್305 ಬಿದ್ದರೆ ನೇರವಾಗಿ ಮೂರನೇ ಹಾಳೆ ತೆಗೆಯಬಹುದು. ಮೊದಲ ಹಾಳೆಗೆ ಹೊಸ ರೆಸಿಸ್ಟರ್ ಸೇರಿಸಿ ಎಲ್ಲಕ್ಕೂ ಮತ್ತೆ ನಂಬರ್ ಹಾಕಿದರೂ ಮೂರನೆಯದು ಕದಲುವುದಿಲ್ಲ. ಕೀಕ್ಯಾಡ್‌ನಲ್ಲಿ ಇದಕ್ಕೆ ಆಯ್ಕೆ ಇದೆ, ಕೈಯಲ್ಲಿ ಬರೆಯಬೇಕಿಲ್ಲ.

ನಂಬರ್‌ನ ಮುಂದಿನ ಅಕ್ಷರದ ವಿಷಯ: ರೆಸಿಸ್ಟರ್‌ಗೆ ಆರ್ ಇದ್ದಂತೆ ಟ್ರಾನ್ಸಿಸ್ಟರ್‌ಗೆ ಕ್ಯೂ, ಐಸಿಗೆ ಯು ಎನ್ನುವುದು ಐಇಇಇ 315 ಎಂಬ ಅಮೆರಿಕನ್ ಮಾನದಂಡದ ರೀತಿ. ಹಳೆಯ ಬ್ರಿಟಿಷ್ ಡಯಾಗ್ರಾಂಗಳಲ್ಲಿ ಟ್ರಾನ್ಸಿಸ್ಟರ್‌ಗೆ ಟಿಆರ್ ಅಂತ ಇರುತ್ತದೆ. ಐಇಇಇ ರೀತಿಯಲ್ಲಿ ಟಿ ಅಂದರೆ ಟ್ರಾನ್ಸ್‌ಫಾರ್ಮರ್. ಪವರ್ ಸಪ್ಲೈನಲ್ಲಿ ಟ್ರಾನ್ಸಿಸ್ಟರ್, ಟ್ರಾನ್ಸ್‌ಫಾರ್ಮರ್ ಎರಡೂ ಇರುತ್ತವೆ, ಗೊಂದಲ ಆಗುತ್ತೆ ಅಲ್ವಾ? ಹಾಗಾಗಿ ಕ್ಯೂ ಇಟ್ಟುಕೊಂಡೆ.